ಹೊಸ ಉದ್ಯಮಕ್ಕೊಂದು ಕಚೇರಿ: ಮುಂಬಯಿಯಲ್ಲಿ ಜಾಗ ಹುಡುಕುವವರು ತಿಳಿದಿರಬೇಕಾದುದು

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮುಂಬಯಿ ಮಹಾನಗರಕ್ಕೆ ಬಂದ ನಮ್ಮ ಹಿರಿಯರು ಕಚೇರಿ ಎಂಬುದನ್ನು ಮೊದಲು ಕಂಡದ್ದು ಅನ್ಯರ ಸೇವಕರಾಗಿ. ಹಗಲಲ್ಲಿ ಹೊಟೇಲು, ಕ್ಯಾಂಟೀನುಗಳಲ್ಲಿ ದುಡಿದು, ಇರುಳಲ್ಲಿ ಫೋರ್ಟ್ ಪರಿಸರದ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ, ಗುಮಾಸ್ತರಾಗಿ ಬ್ಯಾಂಕು, ವಿಮಾ ಕಂಪೆನಿಗಳನ್ನು ಸೇರಿದ ಪೀಳಿಗೆ ಅದು. ಅವರ ಮಕ್ಕಳು, ಮೊಮ್ಮಕ್ಕಳು ಇಂದು ಲೆಕ್ಕಪತ್ರ, ಸರಕು ಸಾಗಾಟ, ಪ್ರವಾಸ, ಒಳಾಂಗಣ ವಿನ್ಯಾಸ, ತಂತ್ರಾಂಶ ಮುಂತಾದ ಸ್ವಂತ ಉದ್ಯಮಗಳಿಗೆ ಕೈಹಾಕುತ್ತಿರುವುದು ಸಂತೋಷದ ಸಂಗತಿ. ಹಾಗೆ ಕೈಹಾಕಿದವರು ಮಾಡುವ ಮೊದಲ ದೊಡ್ಡ ಖರ್ಚು, ಎಷ್ಟೋ ವೇಳೆ ಮೊದಲ ದೊಡ್ಡ ತಪ್ಪು ಕೂಡ, ಕಚೇರಿಯದ್ದೇ ಆಗಿರುತ್ತದೆ.

ಕಲಾ ವಿಭಾಗದ ಪದವಿ ಹಿಡಿದು ಬ್ಯಾಂಕು ಸೇರಿದ ನಮಗೆ ವ್ಯಾಪಾರದ ತಿಳಿವಳಿಕೆ ಪುಸ್ತಕದಿಂದ ಬಂದುದಲ್ಲ. ಸಾಲ ಕೇಳಲು ಬಂದವರ ಕಚೇರಿಗಳಿಗೆ ಹೋಗಿ, ಹೇಳಿದ ವಿಳಾಸದಲ್ಲಿ ಹೇಳಿದ ಉದ್ಯಮ ನಿಜವಾಗಿಯೂ ನಡೆಯುತ್ತಿದೆಯೇ ಎಂದು ನೋಡಿ ವರದಿ ಬರೆಯುವುದು ನಮ್ಮ ವೃತ್ತಿಯ ಒಂದು ಭಾಗ. ಹೀಗೆ ಏರಿ ಇಳಿದ ಮೆಟ್ಟಿಲುಗಳಿಂದ ನಾವು ಕಲಿತ ಕೆಲವು ಸಂಗತಿಗಳನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ. ವಿವರಗಳು ಮುಂಬಯಿ ಮತ್ತು ಅದರ ಉಪನಗರಗಳಿಗೆ ಸಂಬಂಧಿಸಿದವು. ಪುಣೆಯ ಬಂಧುಗಳಿಗೂ ಇವುಗಳಲ್ಲಿ ಬಹುಪಾಲು ಅನ್ವಯಿಸುತ್ತವೆ. ಏಕೆಂದರೆ ಮುಂದೆ ಹೇಳಲಿರುವ ಬಾಡಿಗೆ ಕಾನೂನು ಇಡೀ ಮಹಾರಾಷ್ಟ್ರಕ್ಕೆ ಒಂದೇ.

ಮೊದಲು ಲೆಕ್ಕ, ಆಮೇಲೆ ಜಾಗ

ತರುಣರು ಸಾಮಾನ್ಯವಾಗಿ ಜಾಗ ನೋಡಿ, ಮನಸೋತು, ಅನಂತರ ಲೆಕ್ಕ ಹಾಕುತ್ತಾರೆ. ಇದು ತಲೆಕೆಳಗಾದ ಕ್ರಮ. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಕೈಯಲ್ಲಿ 12 ಲಕ್ಷ ರೂಪಾಯಿ ಬಂಡವಾಳವಿದೆ, ತಿಂಗಳಿಗೆ 30,000 ರೂಪಾಯಿ ಬಾಡಿಗೆಯ ಜಾಗ ಸಿಕ್ಕಿದೆ ಎನ್ನೋಣ. ಆರು ತಿಂಗಳ ಠೇವಣಿ 1,80,000. ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ 30,000. ಕರಾರು, ನೋಂದಣಿ, ವಕೀಲರ ಶುಲ್ಕಕ್ಕೆ 10,000. ವಿದ್ಯುತ್ ತಂತಿ, ಗಾಜಿನ ಗೋಡೆ, ಹವಾನಿಯಂತ್ರಣ, ಬಣ್ಣಕ್ಕೆಂದು 3,50,000. ಮೇಜು, ಕುರ್ಚಿ, ಕಂಪ್ಯೂಟರುಗಳಿಗೆ 1,80,000. ಇಲ್ಲಿಗೆ 7,50,000 ರೂಪಾಯಿ ಮುಗಿಯಿತು, ಇನ್ನೂ ಒಂದು ದಿನದ ವ್ಯಾಪಾರ ನಡೆದಿಲ್ಲ. ಉಳಿದ 4,50,000ದಲ್ಲಿ ಬಾಡಿಗೆ 30,000, ವಿದ್ಯುತ್ತು, ಅಂತರ್ಜಾಲ, ಶುಚಿತ್ವ, ಚಹಾ ಇತ್ಯಾದಿಗೆ 12,000, ಇಬ್ಬರು ನೌಕರರ ಸಂಬಳ 48,000 ಎಂದು ತಿಂಗಳಿಗೆ 90,000 ಹೋದರೆ ಸರಿಯಾಗಿ ಐದು ತಿಂಗಳು ಉಸಿರಾಡಬಹುದು. ಮೊದಲ ಗ್ರಾಹಕ ಎರಡನೆಯ ತಿಂಗಳಲ್ಲಿ ಬಂದು, ಬಿಲ್ಲಿನ ಹಣವನ್ನು ತೊಂಬತ್ತು ದಿನಗಳ ಮೇಲೆ ಕೊಟ್ಟನೆಂದರೆ ಆ ಐದು ತಿಂಗಳು ಅಲ್ಲಿಗೇ ತೀರಿತು.

ಈ ಲೆಕ್ಕದಲ್ಲಿ ಓದುಗರು ಗಮನಿಸಬೇಕಾದುದು ಬಾಡಿಗೆಯನ್ನಲ್ಲ, ಆ ಮೂರೂವರೆ ಲಕ್ಷದ ಅಲಂಕಾರವನ್ನು. ಠೇವಣಿ ಎಂದಾದರೂ ಮರಳಿ ಬರುತ್ತದೆ, ಕಂಪ್ಯೂಟರು ಹೊತ್ತೊಯ್ಯಬಹುದು. ಅನ್ಯರ ಗೋಡೆಗೆ ಬಡಿದ ಪ್ಲೈವುಡ್ ಮಾತ್ರ ಅನ್ಯರದೇ. ಹಿಂದಿನವರು ಸಜ್ಜುಗೊಳಿಸಿ ಬಿಟ್ಟುಹೋದ ಜಾಗ ಸಿಕ್ಕಿದರೆ ಇದೇ ಹಣದಲ್ಲಿ ಇನ್ನೂ ಸುಮಾರು ನಾಲ್ಕು ತಿಂಗಳು ಬದುಕಬಹುದು. ನಮ್ಮ ತಂಗಿಯ ಮಗ ಲೆಕ್ಕಪತ್ರ ಸೇವೆಯ ಸಣ್ಣ ಉದ್ಯಮ ಆರಂಭಿಸಿದಾಗ ಘಾಟ್‌ಕೋಪರ್ ಪೂರ್ವದಲ್ಲಿ ವಿಮಾ ಏಜೆಂಟರೊಬ್ಬರು ನಿವೃತ್ತರಾಗಿ ಬಿಟ್ಟ 160 ಚದರಡಿಯ ಕೋಣೆಯನ್ನು ಅವರ ಮೇಜು, ಕಪಾಟುಗಳ ಸಮೇತ ಹಿಡಿದದ್ದು ಈ ಕಾರಣಕ್ಕೆ. ಹಳೆಯ ಕಪಾಟಿನ ಬಣ್ಣ ಅವನಿಗೆ ಹಿಡಿಸಲಿಲ್ಲ. ನಾವು ಹಿಡಿಸುವಂತೆ ಮಾಡಿದೆವು!

ಗ್ರಾಹಕರು ಬಾಗಿಲಿಗೆ ಬರಬೇಕಾದ ಉದ್ಯಮವಲ್ಲವಾದರೆ ಮೊದಲ ಆರು ತಿಂಗಳು ಮನೆಯಿಂದಲೇ ನಡೆಸುವುದರಲ್ಲಿ ಯಾವ ಅವಮಾನವೂ ಇಲ್ಲ. ಜಿಎಸ್‌ಟಿ ನೋಂದಣಿಗೆ ಮನೆಯ ವಿಳಾಸವನ್ನೂ ಕೊಡಬಹುದು. ತಂದೆಯ ಹೆಸರಿನ ಮನೆಯಾದರೆ ಅವರ ಒಪ್ಪಿಗೆ ಪತ್ರದೊಡನೆ ವಿದ್ಯುತ್ ಬಿಲ್ಲು ಅಥವಾ ಆಸ್ತಿ ತೆರಿಗೆಯ ರಸೀತಿ ಲಗತ್ತಿಸಬೇಕು. ಆದರೆ ನೌಕರರು ಬಂದುಹೋಗಲಾರಂಭಿಸಿ, ಲಿಫ್ಟಿನಲ್ಲಿ ಪೆಟ್ಟಿಗೆಗಳು ಏರತೊಡಗಿದೊಡನೆ ಹೌಸಿಂಗ್ ಸೊಸೈಟಿಯ ಪತ್ರವೂ ಏರಿ ಬರುತ್ತದೆ. ಮನೆಬಳಕೆಯ ಮೀಟರಿನಲ್ಲಿ ಪೂರ್ಣಪ್ರಮಾಣದ ಕಚೇರಿ ನಡೆಸುವುದು 2003ರ ವಿದ್ಯುತ್ ಕಾಯ್ದೆಯಡಿ ಅನಧಿಕೃತ ಬಳಕೆ ಎನಿಸಿ ದರದ ಇಮ್ಮಡಿ ವಸೂಲಾಗಬಹುದು ಎಂಬುದೂ ನೆನಪಿರಲಿ.

ಮನೆಗೂ ಬಾಡಿಗೆ ಕಚೇರಿಗೂ ನಡುವೆ ಇರುವುದು ಹಂಚಿಕೆಯ ಕಚೇರಿ, ಅಂದರೆ ಕೋ-ವರ್ಕಿಂಗ್. ಕುರ್ಚಿಯ ಲೆಕ್ಕದಲ್ಲಿ ತಿಂಗಳ ಹಣ ಕಟ್ಟಿದರೆ ಮೇಜು, ಅಂತರ್ಜಾಲ, ಸಭಾಕೊಠಡಿ ಎಲ್ಲವೂ ಸಿಗುತ್ತದೆ, ತಿಂಗಳ ನೋಟಿಸಿನಲ್ಲಿ ಹೊರಬೀಳಲೂಬಹುದು. ಮೂರು ಜನರವರೆಗೆ ಇದು ಅಗ್ಗ. ಆರು ಜನ ಆಗುವಷ್ಟರಲ್ಲಿ ಸ್ವಂತ ಕೋಣೆಯೇ ಅಗ್ಗವಾಗುತ್ತದೆ ಎಂಬುದು ನಮ್ಮ ಅಂದಾಜು. ಬರಿಯ ವಿಳಾಸ ಮಾತ್ರ ಮಾರುವ ಕಲ್ಪಿತ ಕಚೇರಿಗಳ ವಿಷಯದಲ್ಲಿ ಎಚ್ಚರ ಅಗತ್ಯ. ಅಧಿಕಾರಿಗಳು ಪರಿಶೀಲನೆಗೆ ಬಂದಾಗ ಅಲ್ಲಿ ನಿಮ್ಮ ಹೆಸರು ಹೇಳುವವರು ಯಾರೂ ಇಲ್ಲದಿದ್ದರೆ ನೋಂದಣಿಯೂ ಬ್ಯಾಂಕಿನ ಚಾಲ್ತಿ ಖಾತೆಯೂ ನಿಂತುಬಿಡುತ್ತವೆ. ಅಂತಹ ವರದಿಗಳನ್ನು ನಾವೇ ಬರೆದಿದ್ದೇವೆ.

ಎಲ್ಲಿ ಹಿಡಿಯಬೇಕು?

ಒಂದು ಕಾಲಕ್ಕೆ ಕಚೇರಿ ಎಂದರೆ ಫೋರ್ಟ್, ಅದು ತುಂಬಿದ ಮೇಲೆ ಸಮುದ್ರ ತುಂಬಿಸಿ ಕಟ್ಟಿದ ನಾರಿಮನ್ ಪಾಯಿಂಟ್. 1982ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರದ ಅನಂತರದ ದಶಕಗಳಲ್ಲಿ ಲೋವರ್ ಪರೇಲಿನ ಗಿರಣಿಗಳ ನೆಲದಲ್ಲಿ ಗಾಜಿನ ಗೋಪುರಗಳೆದ್ದವು. ಬಾಂದ್ರಾ-ಕುರ್ಲಾ ಸಂಕೀರ್ಣ ದೊಡ್ಡ ಬ್ಯಾಂಕುಗಳನ್ನು ಸೆಳೆದುಕೊಂಡಿತು. ಹೊಸ ಸಣ್ಣ ಉದ್ಯಮಿಗೆ ಇವು ಯಾವುವೂ ಬೇಕಿಲ್ಲ. ಅವನಿಗೆ ಬೇಕಾದುದು ರೈಲು ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆ.

ಇದನ್ನು ನಾವು ಒತ್ತಿ ಹೇಳುತ್ತೇವೆ. ಡೊಂಬಿವಲಿಯಿಂದಲೋ ವಿರಾರಿನಿಂದಲೋ ಪನ್ವೇಲಿನಿಂದಲೋ ಬರುವ ನೌಕರ ರೈಲಿಳಿದ ಮೇಲೆ ಮತ್ತೆ ರಿಕ್ಷಾದ ಸಾಲಿನಲ್ಲಿ ನಿಲ್ಲಬೇಕಾದರೆ ಮಳೆಗಾಲ ಮುಗಿಯುವುದರೊಳಗೆ ಬೇರೆ ಕೆಲಸ ಹುಡುಕುತ್ತಾನೆ. ಎರಡು ರೈಲುಮಾರ್ಗ ಕೂಡುವೆಡೆ ಇನ್ನೂ ಲೇಸು. ದಾದರಿನಲ್ಲಿ ಪಶ್ಚಿಮ ಮತ್ತು ಮಧ್ಯ ರೈಲುಮಾರ್ಗಗಳೂ, ಕುರ್ಲಾದಲ್ಲಿ ಮಧ್ಯ ಮತ್ತು ಹಾರ್ಬರ್ ಮಾರ್ಗಗಳೂ, ಥಾಣೆಯಲ್ಲಿ ಮಧ್ಯ ಹಾಗೂ ವಾಶಿಯ ಕಡೆಯ ಟ್ರಾನ್ಸ್-ಹಾರ್ಬರ್ ಮಾರ್ಗಗಳೂ ಸೇರುತ್ತವೆ. 2014ರಲ್ಲಿ ವರ್ಸೋವಾ-ಅಂಧೇರಿ-ಘಾಟ್‌ಕೋಪರ್ ಮೆಟ್ರೊ ಓಡಲಾರಂಭಿಸಿದ ಮೇಲೆ ಪೂರ್ವ-ಪಶ್ಚಿಮಗಳ ಅಂತರ ಕಿರಿದಾಯಿತು. ಆರೆಯಿಂದ ಕಫ್ ಪರೇಡ್‌ವರೆಗಿನ ಸುರಂಗ ಮೆಟ್ರೊ 2024ರಿಂದ ಹಂತಹಂತವಾಗಿ ತೆರೆದು 2025ರ ಅಕ್ಟೋಬರಿನಲ್ಲಿ ಪೂರ್ಣಗೊಂಡಿತು. ಹಾಗಾಗಿ ಉಪನಗರದಲ್ಲಿ ಕಚೇರಿ ಇಟ್ಟುಕೊಂಡೂ ಫೋರ್ಟಿನ ಗ್ರಾಹಕರನ್ನು ಕಾಣುವುದು ಈಗ ಸುಲಭ.

ಇನ್ನು ಮಳೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದುದನ್ನು ಕಂಡವರಿಗೆ ನೆಲಮಾಳಿಗೆಯ ಕಚೇರಿಯ ವಿಷಯ ವಿವರಿಸಬೇಕಾಗಿಲ್ಲ. ಅಂತಹ ಮಳೆ ಪ್ರತಿವರ್ಷ ಬಾರದು. ಆದರೆ ಹಿಂದ್‌ಮಾತಾ, ಮಿಲನ್ ಸಬ್‌ವೇ ಪರಿಸರಗಳ ಹೆಸರು ಮಳೆಗಾಲದ ಸುದ್ದಿಯಲ್ಲಿ ಮತ್ತೆ ಮತ್ತೆ ಕೇಳಿಬರುತ್ತಲೇ ಬಂದಿದೆ. ಜಾಗವನ್ನು ಜನವರಿಯಲ್ಲಿ ನೋಡುವವರು ಪಕ್ಕದ ಪಾನ್ ಅಂಗಡಿಯವನನ್ನು ಜುಲೈಯಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆಂದು ಕೇಳಬೇಕು. ದಲ್ಲಾಳಿ ಹೇಳದ್ದನ್ನು ಅವನು ಹೇಳುತ್ತಾನೆ.

ಅಂಧೇರಿ, ಗೋರೆಗಾಂವ್, ವಿಕ್ರೋಲಿಗಳ ಔದ್ಯಮಿಕ ವಸಾಹತುಗಳಲ್ಲಿ ಗಾಳಾ ಎಂದು ಕರೆಯಲ್ಪಡುವ ಕೋಣೆಗಳು ಬಾಡಿಗೆಗೆ ಸಿಗುತ್ತವೆ. ಸಾಮಗ್ರಿ ಇಡಬೇಕಾದವರಿಗೆ ಇವು ಅನುಕೂಲ. ಕಾರ್ಖಾನೆಗೆಂದು ಮಂಜೂರಾದ ಗಾಳಾದಲ್ಲಿ ಕಚೇರಿ ನಡೆಸಲು ಅಲ್ಲಿನ ಸೊಸೈಟಿಯ ಅಭ್ಯಂತರವಿಲ್ಲವೇ, ನಗರಪಾಲಿಕೆಯ ದಾಖಲೆಯಲ್ಲಿ ಆ ಜಾಗದ ಬಳಕೆ ಏನೆಂದಿದೆ ಎಂದು ಮೊದಲೇ ವಿಚಾರಿಸಿದರೆ ಒಳಿತು. ಹಳೆಯ ಕಟ್ಟಡವಾದರೆ ಇನ್ನೊಂದು ಪ್ರಶ್ನೆ ಕೇಳಿ. ಮುಂಬಯಿಯಲ್ಲಿ ಮೂವತ್ತು ವರ್ಷ ದಾಟಿದ ಕಟ್ಟಡಗಳು ದೃಢತೆಯ ತಪಾಸಣೆ ಮಾಡಿಸಬೇಕು. ಆ ವರದಿ ಇದೆಯೇ? ಪುನರ್ನಿರ್ಮಾಣದ ಮಾತುಕತೆ ನಡೆದಿದೆಯೇ? ನಡೆದಿದ್ದರೆ ನಿಮ್ಮ ಮೂರು ವರ್ಷದ ಕರಾರಿನ ಭರವಸೆ ಕಡಿಮೆ.

ಚದರಡಿಯ ಮಾತು

ಜಾಹೀರಾತಿನಲ್ಲಿ 400 ಚದರಡಿ ಎಂದಿದ್ದ ಕಚೇರಿಯಲ್ಲಿ ನಾವೊಮ್ಮೆ ಅಳತೆಪಟ್ಟಿ ಹಿಡಿದು ನಿಂತಾಗ ಗೋಡೆಯಿಂದ ಗೋಡೆಗೆ 250 ಕೂಡ ಇರಲಿಲ್ಲ. ಉಳಿದುದು ಮೆಟ್ಟಿಲು, ಲಿಫ್ಟು, ಹಜಾರದ ಪಾಲು! ಕಾಲಿಡಬಹುದಾದ ನೆಲಕ್ಕೆ ಕಾರ್ಪೆಟ್ ಏರಿಯಾ ಎನ್ನುತ್ತಾರೆ. 2016ರ ರೇರಾ ಕಾಯ್ದೆ ಇದಕ್ಕೆ ಸ್ಪಷ್ಟ ವ್ಯಾಖ್ಯೆ ಕೊಟ್ಟು, ಹೊಸ ಕಟ್ಟಡಗಳ ಮಾರಾಟದಲ್ಲಿ ಇದನ್ನೇ ಆಧಾರವಾಗಿಸಿದೆ. ಬಾಡಿಗೆಯ ಪೇಟೆಯಲ್ಲಿ ಮಾತ್ರ ಸೂಪರ್ ಬಿಲ್ಟ್-ಅಪ್ ಎಂಬ ಉಬ್ಬಿದ ಅಳತೆಯೇ ಇನ್ನೂ ಓಡಾಡುತ್ತದೆ. ಬಾಡಿಗೆಯನ್ನು ಕಾರ್ಪೆಟ್ ಚದರಡಿಯಿಂದ ಭಾಗಿಸಿ ಹೋಲಿಸಿ. ಒಬ್ಬ ನೌಕರನಿಗೆ ಐವತ್ತರಿಂದ ಅರವತ್ತು ಚದರಡಿ ಹಿಡಿದರೆ ಸಣ್ಣ ಕಚೇರಿಗೆ ಸಾಕಾಗುತ್ತದೆ. ಶೌಚಾಲಯ ಒಳಗಿದೆಯೇ, ಮಹಡಿಯ ಎಲ್ಲರಿಗೂ ಸೇರಿದ್ದೇ, ಮಹಿಳೆಯರಿಗೆ ಬೇರೆಯಿದೆಯೇ, ಸಂಜೆ ಏಳರ ಮೇಲೆ ಅದಕ್ಕೆ ಬೀಗ ಬೀಳುತ್ತದೆಯೇ ಎಂಬುದನ್ನು ನೋಡದೆ ಮುಂಗಡ ಕೊಟ್ಟು ಆಮೇಲೆ ಪರಿತಪಿಸಿದವರನ್ನು ನಾವು ಬಲ್ಲೆವು.

ಬಾಗಿಲ ಹಿಂದಿನ ಕಾಗದ

ಈಗ ನಾವು ಹೇಳಬೇಕೆಂದಿರುವ ಮುಖ್ಯ ವಿಷಯಕ್ಕೆ ಬರುತ್ತೇವೆ. ಜಾಗ ನೋಡಲು ಹೋದವರು ಗೋಡೆ, ಕಿಟಕಿ, ವಾಸ್ತು ನೋಡುತ್ತಾರೆ. ಬಾಗಿಲು ಈಶಾನ್ಯಕ್ಕಿದೆಯೇ ಎಂದು ದಿಕ್ಸೂಚಿ ಹಿಡಿದು ಪರೀಕ್ಷಿಸಿದವರೂ ಆ ಬಾಗಿಲಿನ ಒಡೆಯ ಯಾರು, ಅವನು ಅದನ್ನು ಎಲ್ಲಿ ಅಡವಿಟ್ಟಿದ್ದಾನೆ ಎಂದು ಕೇಳುವುದಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಉಪನಗರದ ವಾಣಿಜ್ಯ ಕಟ್ಟಡವೊಂದರ ಎರಡನೆಯ ಮಹಡಿಯ ಕಚೇರಿಯನ್ನು ಅದರ ಮಾಲೀಕ ಬ್ಯಾಂಕಿಗೆ ಅಡವಿಟ್ಟು ಸಾಲ ಪಡೆದು, ಕಂತು ತಪ್ಪಿಸಿದ್ದ. 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಮೊದಲು ಅರುವತ್ತು ದಿನಗಳ ಬೇಡಿಕೆ ನೋಟಿಸು ಕೊಟ್ಟಿತು. ಹಣ ಬಾರದಿದ್ದಾಗ ಸ್ವಾಧೀನದ ನೋಟಿಸನ್ನು ಬಾಗಿಲಿಗೆ ಅಂಟಿಸಿ, ಪತ್ರಿಕೆಗಳಲ್ಲಿ ಪ್ರಕಟಿಸಿತು. ಅಂಟಿಸಲು ಹೋದ ತಂಡದಲ್ಲಿ ನಾವೂ ಇದ್ದೆವು. ಒಳಗೆ ಪರವಾನಗಿಯ ಮೇಲೆ ಪ್ರವಾಸ ಮತ್ತು ವೀಸಾ ಸೇವೆಯ ಸಣ್ಣ ಕಚೇರಿ ನಡೆಸುತ್ತಿದ್ದವ ಒಬ್ಬ ಕನ್ನಡಿಗ ತರುಣ. ನೋಟಿಸಿನಲ್ಲಿ ತನ್ನ ಹೆಸರಿಲ್ಲವಲ್ಲ ಎಂದು ಅವನು ಅದನ್ನು ಮಾಲೀಕನಿಗೆ ಮುಟ್ಟಿಸಿದ. ಮಾಲೀಕ, ಅದೆಲ್ಲ ಬ್ಯಾಂಕಿನವರ ಮಾಮೂಲು, ಈ ತಿಂಗಳಲ್ಲಿ ಮುಗಿಸುತ್ತೇನೆ ಎಂದನಂತೆ. ತರುಣ ನಂಬಿದ. ಬಾಡಿಗೆಯನ್ನೂ ತಪ್ಪದೆ ಕಟ್ಟುತ್ತ ಬಂದ.

ನ್ಯಾಯಾಲಯದ ಆದೇಶದೊಡನೆ ಜಾಗ ವಶಕ್ಕೆ ಪಡೆದ ದಿನ ಅವನು ಕಚೇರಿಯಲ್ಲಿರಲಿಲ್ಲ. ಪಂಚನಾಮೆಯಲ್ಲಿ ಮೇಜು, ಕಂಪ್ಯೂಟರು, ಕಪಾಟುಗಳನ್ನು ಬರೆದುಕೊಂಡು ಬೀಗ ಮುದ್ರೆ ಹಾಕಲಾಯಿತು. ಮರುದಿನ ಅವನು ನಮ್ಮ ಶಾಖೆಗೆ ಓಡಿಬಂದ. ಕಪಾಟಿನೊಳಗೆ ಅವನ ಗ್ರಾಹಕರ ಹನ್ನೊಂದು ಪಾಸ್‌ಪೋರ್ಟುಗಳಿದ್ದವು. ಅರ್ಜಿ, ಗುರುತಿನ ಪತ್ರ, ಮೇಲಧಿಕಾರಿಯ ಅನುಮತಿ, ಮತ್ತೆ ಪಂಚನಾಮೆ ಎಂದು ಅವು ಅವನ ಕೈಸೇರುವಾಗ ಒಂಬತ್ತು ದಿನ ಕಳೆದಿತ್ತು. ಒಂದು ಕುಟುಂಬದ ಪ್ರಯಾಣದ ದಿನ ಆ ಒಂಬತ್ತರ ಒಳಗೇ ಬಂದುಹೋಗಿತ್ತು. ಅವನು ಕಟ್ಟಿದ ಟಿಕೇಟಿನ ಹಣವನ್ನೂ, ಮಾಲೀಕನ ಬಳಿಯಿದ್ದ ಎರಡು ಲಕ್ಷದ ಠೇವಣಿಯನ್ನೂ ಒಟ್ಟಿಗೆ ಕಳೆದುಕೊಂಡ. ನಾವು ಮಾಡಿದುದು ನಿಯಮದಂತೆಯೇ ಇತ್ತು. ಆದರೂ ಕೌಂಟರಿನ ಆಚೆ ನಿಂತು ಕನ್ನಡದಲ್ಲಿ, ಸಾರ್, ಯಾರಾದರೂ ಒಂದು ಮಾತು ನನಗೆ ಹೇಳಬಹುದಿತ್ತಲ್ಲ ಎಂದ ಅವನಿಗೆ ಉತ್ತರಿಸಲು ನಮ್ಮಲ್ಲಿ ಏನೂ ಇರಲಿಲ್ಲ. ಈ ಬರಹಕ್ಕೆ ಕಾರಣ ಆ ಮಾತು.

ಆದ್ದರಿಂದ ಮುಂಗಡ ಕೊಡುವ ಮುನ್ನ ನೋಡಬೇಕಾದ ಕಾಗದಗಳು ಇವು. ಮಾಲೀಕನ ಖರೀದಿಪತ್ರ ಮತ್ತು ನೋಂದಣಿ ಕಚೇರಿಯ ಇಂಡೆಕ್ಸ್-2 ಪ್ರತಿ. ಸೊಸೈಟಿಯ ಶೇರು ಪ್ರಮಾಣಪತ್ರ ಅವನ ಹೆಸರಿನಲ್ಲಿದೆಯೇ, ತೀರಿಹೋದ ತಂದೆಯ ಹೆಸರಿನಲ್ಲೇ ಉಳಿದಿದೆಯೇ ಎಂಬುದು. ಎರಡನೆಯದಾದರೆ ಉಳಿದ ವಾರಸುದಾರರ ಸಹಿಯೂ ಬೇಕು. ಆಸ್ತಿ ತೆರಿಗೆ ಮತ್ತು ಸೊಸೈಟಿ ನಿರ್ವಹಣೆಯ ಇತ್ತೀಚಿನ ರಸೀತಿಗಳು. ವಿದ್ಯುತ್ ಬಿಲ್ಲಿನಲ್ಲಿ ಬಾಕಿಯಿಲ್ಲ, ವರ್ಗ ವಾಣಿಜ್ಯದ್ದು ಎಂಬ ಖಾತರಿ. ಇನ್ನು ಅಡಮಾನದ ವಿಷಯ. 2011ರಲ್ಲಿ ಆರಂಭವಾದ ಸೆರ್ಸಾಯ್ ಎಂಬ ಕೇಂದ್ರೀಯ ನೋಂದಣಿಯಲ್ಲಿ ಬ್ಯಾಂಕುಗಳು ತಮಗೆ ಅಡವಾದ ಆಸ್ತಿಗಳನ್ನು ದಾಖಲಿಸುತ್ತವೆ. ಅದರ ಜಾಲತಾಣದಲ್ಲಿ ಸಣ್ಣ ಶುಲ್ಕ ತೆತ್ತು ಸಾರ್ವಜನಿಕರು ಯಾರೂ ಹುಡುಕಬಹುದು. ಬ್ಯಾಂಕಿನವರಿಗೆ ಮಾತ್ರ ಎಂದು ಬಹುಮಂದಿ ತಿಳಿದಿರುವುದು ತಪ್ಪು. ಅಡಮಾನ ಇದ್ದಮಾತ್ರಕ್ಕೆ ಜಾಗ ಕೆಟ್ಟದ್ದೆಂದಲ್ಲ, ಮುಂಬಯಿಯಲ್ಲಿ ಸಾಲವಿಲ್ಲದ ಗೋಡೆಗಳು ಕಡಿಮೆ. ಸಾಲ ಕೊಟ್ಟ ಬ್ಯಾಂಕಿನ ಲಿಖಿತ ಒಪ್ಪಿಗೆಯನ್ನೂ, ಕಂತು ಸರಿಯಾಗಿ ಕಟ್ಟುತ್ತಿರುವ ಸಾಲಖಾತೆಯ ವಿವರವನ್ನೂ ಮಾಲೀಕನಿಂದ ಕೇಳಿ. ಕೇಳಿದ್ದಕ್ಕೆ ಸಿಡುಕಿದರೆ ಮೆಟ್ಟಿಲಿಳಿಯಿರಿ.

ಕರಾರು ಮತ್ತು ಅದರ ಬೀಗ

ಈ ನಗರದಲ್ಲಿ ಕಚೇರಿಗಳು ಹೆಚ್ಚಾಗಿ ಸಿಗುವುದು ಲೀವ್ ಆಂಡ್ ಲೈಸೆನ್ಸ್ ಎಂಬ ಪರವಾನಗಿ ಕರಾರಿನ ಮೇಲೆ. ಇದು ಬಾಡಿಗೆದಾರಿಕೆಯಲ್ಲ, ಬಳಸಲು ಅನುಮತಿ ಮಾತ್ರ, ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲ. 1947ರ ಬಾಡಿಗೆ ಕಾನೂನಿನ ಕಾಲದಲ್ಲಿ, 1973ರ ಫೆಬ್ರವರಿ 1ರಂದು ಜಾಗದಲ್ಲಿದ್ದ ಪರವಾನಗಿದಾರರನ್ನು ತಿದ್ದುಪಡಿಯೊಂದು ಬಾಡಿಗೆದಾರರೆಂದೇ ಗಣಿಸಿತು. ಅಂದಿನ ಭಯ ಇಂದಿಗೂ ಮಾಲೀಕರಿಗೆ ಇಳಿದಿಲ್ಲ. ಹನ್ನೊಂದರ ಮೂರು ಪಟ್ಟು ಎಂಬಂತೆ 33 ತಿಂಗಳ ಕರಾರು ಇಲ್ಲಿ ರೂಢಿಯಾಗಿದೆ.

2000ದ ಮಾರ್ಚ್ 31ರಿಂದ ಜಾರಿಗೆ ಬಂದ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಕರಾರು ಲಿಖಿತವಾಗಿರಬೇಕು, ನೋಂದಣಿಯಾಗಿರಬೇಕು. ನೋಂದಾಯಿಸುವ ಹೊಣೆ ಮಾಲೀಕನದು. ಹನ್ನೊಂದು ತಿಂಗಳ ಕರಾರಿಗೆ ನೋಂದಣಿ ಬೇಡವೆಂಬ ದಲ್ಲಾಳಿಗಳ ಮಾತು ಇಲ್ಲಿ ನಡೆಯದು. ವೆಚ್ಚವಾದರೂ ಎಷ್ಟು? ಒಟ್ಟು ಬಾಡಿಗೆಗೆ, ಮರಳಿಸುವ ಠೇವಣಿಯ ಮೇಲೆ ವರ್ಷಕ್ಕೆ ಶೇಕಡಾ 10ರ ಬಡ್ಡಿಯನ್ನು ಸೇರಿಸಿ, ಆ ಮೊತ್ತದ ಶೇಕಡಾ 0.25 ಮುದ್ರಾಂಕ ಶುಲ್ಕ. ಮೇಲಿನ ನಮ್ಮ ಉದಾಹರಣೆಯಲ್ಲಿ 33 ತಿಂಗಳ ಬಾಡಿಗೆ 9,90,000, ಠೇವಣಿಯ ಲೆಕ್ಕದ ಬಡ್ಡಿ 49,500, ಒಟ್ಟು 10,39,500; ಶುಲ್ಕ ಸುಮಾರು 2,600 ರೂಪಾಯಿ. ನಗರ ಪ್ರದೇಶದಲ್ಲಿ ನೋಂದಣಿ ಶುಲ್ಕ 1,000. ಎರಡು ಸಂಜೆಯ ಹೊಟೇಲ್ ಊಟದ ಖರ್ಚಿನಲ್ಲಿ ಮುಗಿಯುವ ಈ ಕೆಲಸವನ್ನು ತಪ್ಪಿಸಿಕೊಳ್ಳಲು ಜನ ಪಡುವ ಪ್ರಯಾಸ ನಮಗೆ ಅರ್ಥವಾಗಿಲ್ಲ.

ಕರಾರಿನಲ್ಲಿ ಲಾಕ್-ಇನ್ ಎಂಬ ಸಾಲನ್ನು ಎರಡು ಸಲ ಓದಿ. ಆ ಅವಧಿಯಲ್ಲಿ ನೀವು ಬಿಟ್ಟುಹೋದರೂ ಉಳಿದ ತಿಂಗಳ ಬಾಡಿಗೆ ಕೊಡಬೇಕೆಂಬುದು ಅದರ ಅರ್ಥ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಬೀಗ ಹಾಕಿದ ಕಚೇರಿಗಳಿಗೆ ತಿಂಗಳುಗಟ್ಟಲೆ ಬಾಡಿಗೆ ತೆತ್ತವರಲ್ಲಿ ನಮ್ಮ ಪರಿಚಿತರೂ ಇದ್ದರು. ಹೊಸ ಉದ್ಯಮಕ್ಕೆ ಆರು ತಿಂಗಳ ಲಾಕ್-ಇನ್ ಸಾಕು, ಹನ್ನೆರಡು ಗರಿಷ್ಠ. ಅದು ಮಾಲೀಕನಿಗೂ ಅನ್ವಯಿಸುವಂತಿರಬೇಕು. ಅಂದರೆ ಅಷ್ಟು ಕಾಲ ಅವನೂ ನಿಮ್ಮನ್ನು ಎಬ್ಬಿಸಕೂಡದು. ಸಜ್ಜುಗೊಳಿಸುವ ದಿನಗಳಿಗೆ ಬಾಡಿಗೆ ಬೇಡವೆಂದು ಕೇಳಿನೋಡಿ, ಖಾಲಿ ಬಿದ್ದ ಜಾಗವಾದರೆ ಹದಿನೈದು ದಿನ ಸಿಗುತ್ತದೆ. ಠೇವಣಿ ಹಿಂದಿರುಗಿಸುವ ದಿನವೂ ಕೀಲಿಕೈ ಒಪ್ಪಿಸುವ ದಿನವೂ ಒಂದೇ ಎಂದು ಬರೆಸಿಕೊಳ್ಳಿ. ಮೇಲೆ ಹೇಳಿದ ಅಡಮಾನದ ಸಂಗತಿಯನ್ನು ಮಾಲೀಕನ ಹೇಳಿಕೆಯಾಗಿ ಕರಾರಿನಲ್ಲೇ ಸೇರಿಸಿ.

ಬಾಡಿಗೆಯ ಮೇಲಿನ ತೆರಿಗೆಗಳೂ ಖರ್ಚಿನ ಪಟ್ಟಿಗೆ ಸೇರಬೇಕು. ವಾಣಿಜ್ಯ ಜಾಗದ ಬಾಡಿಗೆಗೆ ಶೇಕಡಾ 18 ಜಿಎಸ್‌ಟಿ. ಮಾಲೀಕ ನೋಂದಾಯಿತನಾದರೆ ಅವನು ಬಿಲ್ಲಿನಲ್ಲಿ ಸೇರಿಸುತ್ತಾನೆ. ಅವನು ನೋಂದಾಯಿತನಲ್ಲದೆ ನೀವು ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿತರಾಗಿದ್ದರೆ, 2024ರ ಅಕ್ಟೋಬರ್ 10ರಿಂದ ಆ ತೆರಿಗೆಯನ್ನು ನೀವೇ ಕಟ್ಟಿ, ಆಮೇಲೆ ಲೆಕ್ಕದಲ್ಲಿ ಹಿಂಪಡೆಯಬೇಕು. ನೋಂದಣಿಯೇ ಇಲ್ಲದವರಿಗೆ ಮಾಲೀಕ ವಿಧಿಸುವ ತೆರಿಗೆ ನೇರ ಖರ್ಚು. ಸೇವೆ ನೀಡುವವರಿಗೆ ವಾರ್ಷಿಕ ವಹಿವಾಟು 20 ಲಕ್ಷ, ಸರಕು ಮಾರುವವರಿಗೆ 40 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ತಿಂಗಳ ಬಾಡಿಗೆ 50,000 ಮೀರಿದರೆ ಮೂಲದಲ್ಲಿ ಆದಾಯ ತೆರಿಗೆ ಮುರಿಯುವ ಹೊಣೆಯ ಬಗ್ಗೆ ನಿಮ್ಮ ಲೆಕ್ಕಪರಿಶೋಧಕರನ್ನು ಕೇಳಿ.

ಅಪ್ಪನ ಪಗಡಿ ಜಾಗ

ಗಿರ್‌ಗಾಂವ್, ಫೋರ್ಟ್, ದಾದರ್ ಕಡೆಗಳಲ್ಲಿ ನಮ್ಮವರ ಹಲವು ಕುಟುಂಬಗಳ ಕೈಯಲ್ಲಿ ಇಂದಿಗೂ ಪಗಡಿಯ ಹಳೆಯ ಅಂಗಡಿ, ಕೋಣೆಗಳಿವೆ. ತಿಂಗಳಿಗೆ ಕೆಲವು ನೂರು ರೂಪಾಯಿ ಬಾಡಿಗೆ. ಮಗನ ಕಚೇರಿಗೆ ಇದಕ್ಕಿಂತ ಒಳ್ಳೆಯ ಜಾಗ ಯಾವುದು ಎಂದು ತಂದೆಗೆ ತೋರುವುದು ಸಹಜ. ಆದರೆ ಮಾಲೀಕನ ಒಪ್ಪಿಗೆ ಇಲ್ಲದೆ ಜಾಗವನ್ನು ಇನ್ನೊಬ್ಬರಿಗೆ ಒಳಬಾಡಿಗೆಗೆ ಕೊಡುವುದು ತೆರವಿಗೆ ಕಾರಣವಾಗುತ್ತದೆ. ಮಗ ತನ್ನ ಗೆಳೆಯರೊಡನೆ ಕೂಡಿ ಕಂಪೆನಿ ಸ್ಥಾಪಿಸಿ ಅದರ ಹೆಸರಿನ ಫಲಕ ಹಾಕಿದರೆ ಮಾಲೀಕ ಅದನ್ನು ಒಳಬಾಡಿಗೆ ಎಂದು ವಾದಿಸಬಹುದು. ಸಕಾರಣವಿಲ್ಲದೆ ಆರು ತಿಂಗಳು ಬಳಸದೆ ಮುಚ್ಚಿಟ್ಟರೂ ಅದು ತೆರವಿಗೆ ದಾರಿ. ಅಡುಗೆ ಸಾಮಾನು ಮಾರುತ್ತಿದ್ದ ಜಾಗವನ್ನು ಕಚೇರಿ ಮಾಡುವ ಮುನ್ನ ಹಳೆಯ ಬಾಡಿಗೆ ರಸೀತಿಯಲ್ಲಿ ಬಳಕೆಯ ಉದ್ದೇಶ ಏನೆಂದು ಬರೆದಿದೆ ನೋಡಿ. ಮಾಲೀಕನಿಂದ ಲಿಖಿತ ಅನುಮತಿ ಪಡೆಯಿರಿ, ಅದಕ್ಕೆ ಅವನು ಹಣ ಕೇಳಿದರೂ ಸರಿ. ಅರವತ್ತು ವರ್ಷ ಕಾಪಾಡಿಕೊಂಡು ಬಂದ ಹಕ್ಕನ್ನು ಒಂದು ಫಲಕಕ್ಕಾಗಿ ಪಣಕ್ಕಿಡಬಾರದಷ್ಟೆ.

ಸಜ್ಜುಗೊಳಿಸುವಾಗ

ಇದರಲ್ಲಿ ಹೇಳಲು ಹೆಚ್ಚಿಲ್ಲ. ಮೊದಲ ಹಣ ವಿದ್ಯುತ್ ತಂತಿಗೆ ಹೋಗಲಿ. ದ್ವೀಪನಗರದಲ್ಲಿ ಬೆಸ್ಟ್, ಉಪನಗರಗಳ ಬಹುಭಾಗದಲ್ಲಿ ಅದಾನಿ ಅಥವಾ ಟಾಟಾ, ಭಾಂಡುಪ್-ಮುಲುಂಡ್, ಥಾಣೆ, ನವಿಮುಂಬಯಿಗಳಲ್ಲಿ ಮಹಾವಿತರಣ ಎಂದು ವಿದ್ಯುತ್ ಸಂಸ್ಥೆಗಳು ಬೇರೆಬೇರೆ. ಎರಡು ಹವಾನಿಯಂತ್ರಣ ಯಂತ್ರ ಹಾಕುವವರು ಮಂಜೂರಾದ ಭಾರ ಸಾಕೇ ಎಂದು ಆಯಾ ಸಂಸ್ಥೆಯ ಬಿಲ್ಲಿನಲ್ಲೇ ನೋಡಬಹುದು. ಯುಪಿಎಸ್ ಮತ್ತು ದಾಖಲೆಗಳ ಕಪಾಟು ನೆಲದಿಂದ ಒಂದಡಿ ಮೇಲಿರಲಿ. ಮೂಲ ದಾಖಲೆ, ಗ್ರಾಹಕರ ಕಾಗದಗಳ ಒಂದು ಪ್ರತಿ ಕಚೇರಿಯ ಹೊರಗೆ ಎಲ್ಲಾದರೂ ಇರಲಿ. ಅದೇಕೆಂದು ಪಾಸ್‌ಪೋರ್ಟಿನ ಕತೆ ಓದಿದವರಿಗೆ ಹೇಳಬೇಕಿಲ್ಲ. ಬೀಗದ ಕೈ ಪಡೆದ ದಿನವೇ ಪ್ರತಿ ಗೋಡೆಯ ಚಿತ್ರ ತೆಗೆದು ಮಾಲೀಕನಿಗೂ ಕಳುಹಿಸಿಟ್ಟರೆ, ಬಿಡುವ ದಿನ ಹಳೆಯ ಬಿರುಕಿಗೆ ಠೇವಣಿಯಿಂದ ಹಣ ಮುರಿಯುವ ವಾದ ಉಳಿಯದು. ಗಣಹೋಮವೋ ಸತ್ಯನಾರಾಯಣ ಪೂಜೆಯೋ ಮಾಡುವವರು ಹೊಗೆಯ ಎಚ್ಚರಿಕೆ ಗಂಟೆಯ ಕುರಿತು ಕಟ್ಟಡದ ಕಾವಲುಗಾರನಿಗೆ ಮುಂಚಿತವಾಗಿ ಹೇಳಿದರೆ ಚೆನ್ನ!

ನೋಂದಣಿ, ಫಲಕ

2017ರ ಮಹಾರಾಷ್ಟ್ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ಹತ್ತಕ್ಕಿಂತ ಕಡಿಮೆ ನೌಕರರಿರುವ ಕಚೇರಿಗಳಿಗೆ ನೋಂದಣಿಯ ಬದಲು ಅಂತರ್ಜಾಲದಲ್ಲಿ ಸೂಚನೆ ಸಲ್ಲಿಸಿದರೆ ಸಾಕೆಂದಿತು; ಈ ಮಿತಿಯನ್ನು ಇಪ್ಪತ್ತಕ್ಕೆ ಏರಿಸಲು ರಾಜ್ಯ ಸಂಪುಟ 2025ರಲ್ಲಿ ತೀರ್ಮಾನಿಸಿತು. ಸೂಚನೆಯ ರಸೀತಿಯನ್ನು ಹಗುರವಾಗಿ ಕಾಣಬೇಡಿ, ಚಾಲ್ತಿ ಖಾತೆ ತೆರೆಯುವಾಗ ಬ್ಯಾಂಕು ಕೇಳುವ ಕಾಗದಗಳಲ್ಲಿ ಅದೂ ಒಂದು. 2020ರ ಜುಲೈಯಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿ ಉಚಿತ. ಹಣ ಕೇಳುವ ಜಾಲತಾಣಗಳು ಸರಕಾರದ್ದಲ್ಲ. ವೃತ್ತಿ ತೆರಿಗೆ ವರ್ಷಕ್ಕೆ 2,500 ರೂಪಾಯಿ. ಈ ಎಲ್ಲ ಕಾಗದಗಳಲ್ಲಿ ವಿಳಾಸ ಅಕ್ಷರಶಃ ಒಂದೇ ಇರಬೇಕು. ಒಂದರಲ್ಲಿ ಕೋಣೆಯ ಸಂಖ್ಯೆ 12, ಇನ್ನೊಂದರಲ್ಲಿ 12-ಎ ಎಂದಿದ್ದ ಕಾರಣಕ್ಕೆ ಖಾತೆ ತೆರೆಯುವುದು ಮೂರು ವಾರ ತಡವಾದ ಪ್ರಕರಣ ನಮ್ಮ ಮೇಜಿನ ಮೇಲೆಯೇ ನಡೆದಿದೆ, ಆ ಗ್ರಾಹಕರು ಈಗಲೂ ನಮ್ಮೊಡನೆ ಸರಿಯಾಗಿ ಮಾತನಾಡುವುದಿಲ್ಲ.

ಕೊನೆಯದಾಗಿ ನಾಮಫಲಕ. ಮಹಾರಾಷ್ಟ್ರದಲ್ಲಿ ಅದು ದೇವನಾಗರಿ ಲಿಪಿಯ ಮರಾಠಿಯಲ್ಲಿ ಇರಲೇಬೇಕು, ಮತ್ತು ಮರಾಠಿಯ ಅಕ್ಷರಗಳು ಬೇರೆ ಲಿಪಿಯ ಅಕ್ಷರಗಳಿಗಿಂತ ಚಿಕ್ಕದಾಗಿರಕೂಡದು. 2022ರ ತಿದ್ದುಪಡಿಯಿಂದ ಈ ನಿಯಮ ಚಿಕ್ಕ ಸಂಸ್ಥೆಗಳಿಗೂ ವಿಸ್ತರಿಸಿತು. 2023ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಮುಂಬಯಿಯ ವರ್ತಕರಿಗೆ ಪಾಲನೆಗೆ ಎರಡು ತಿಂಗಳ ಗಡುವು ಕೊಟ್ಟಿತ್ತು. ಜಿಎಸ್‌ಟಿ ನೋಂದಾಯಿತರು ತಮ್ಮ ಸಂಖ್ಯೆಯನ್ನೂ ಪ್ರವೇಶದ್ವಾರದ ಫಲಕದಲ್ಲಿ ಕಾಣಿಸಬೇಕು. ಮೇಲೆ ಮರಾಠಿ ನಿಯಮದಂತೆ ಇದ್ದರೆ ಕೆಳಗೆ ಬೇರೆ ಭಾಷೆಗೆ ಅಡ್ಡಿಯಿಲ್ಲ. ನಮ್ಮ ತಂಗಿಯ ಮಗ ಮರಾಠಿ, ಇಂಗ್ಲಿಷ್ ಎರಡನ್ನು ಬರೆಸಿ ಫಲಕ ತಂದಾಗ ಅವನ ತಾಯಿ ಕೆಳಗಿನ ಖಾಲಿ ಪಟ್ಟಿಯನ್ನು ನೋಡಿ ಏನೂ ಹೇಳದೆ ನಿಂತಳು. ಫಲಕ ಮರುದಿನ ಅಂಗಡಿಗೆ ಹಿಂದಿರುಗಿತು. ಕನ್ನಡ ಅಕ್ಷರಗಳನ್ನು ಬರೆಯಲು ಬಾರದ ಆ ಕುಶಲಕರ್ಮಿಗೆ ನಾವೇ ಕಾಗದದ ಮೇಲೆ ದೊಡ್ಡದಾಗಿ ಬರೆದುಕೊಟ್ಟೆವು. ಒತ್ತಕ್ಷರವೊಂದು ಸ್ವಲ್ಪ ವಾಲಿದೆ. ಅದನ್ನು ತಿದ್ದಿಸಲು ಇನ್ನೂರು ರೂಪಾಯಿ ಕೇಳಿದನೆಂದು ಹಾಗೆಯೇ ಬಿಟ್ಟಿದ್ದಾನೆ.